ಹಿಮದ ಹಾದಿಗೆ ತಕ್ಕ ಚಕ್ರ

ಗೃಹಕೃತ್ಯಕ್ಕೆ ಸಂಬಂಧಪಟ್ಟ ಪುಟಗಳಲ್ಲಿ ಮೋಟಾರು ಗಾಡಿಯ ಟೈರಿನ ವಿಷಯವಾಗಿ, ಅದರಲ್ಲಿಯೂ ಹಿಮ ಬೀಳುವ ದೇಶದ ಟೈರಿನ ವಿಷಯವಾಗಿ, ಒಂದು ಲೇಖನವನ್ನು ಕಂಡು ವಾಚಕರು ಹುಬ್ಬೇರಿಸಬಹುದು. ಹಿಮವೆಂಬುದನ್ನು ನಮ್ಮಲ್ಲನೇಕರು ಕಂಡಿರುವುದು ಹಿಮಾಲಯದ ಚಿತ್ರಪಟಗಳಲ್ಲಿ ಮಾತ್ರ. ಆದರೆ ಮಗನೋ ಮಗಳೋ ಅಳಿಯನೋ ಕೆನಡಾದಲ್ಲಿಯೋ ಜರ್ಮನಿಯಲ್ಲಿಯೋ ಸ್ವೀಡನ್ನಿನಲ್ಲಿಯೋ ಸಂಸಾರ ಹೂಡಿರುವ ಮನೆಗಳು ಈಗ ನಮ್ಮ ಕನ್ನಡ ನಾಡಿನಲ್ಲಿ ವಿರಳವಲ್ಲ. ಆ ಮಕ್ಕಳು ಅಲ್ಲಿಂದ ದೂರವಾಣಿಯಲ್ಲಿ ಮಾತನಾಡುವಾಗ ಸಂಸಾರದ ಖರ್ಚುವೆಚ್ಚಗಳನ್ನು ಹಿರಿಯರ ಮುಂದೆ ಇಡುತ್ತಾರೆ. ಹಿರಿಯರು ಹಿರಿಯರಾದ ಕಾರಣ ಒಂದು ಬುದ್ಧಿಮಾತನ್ನು ಹೇಳಿಯೇ ಹೇಳುತ್ತಾರೆ, ವಿಷಯವು ತಮಗೆ ತಿಳಿದಿರಲಿ, ಬಿಡಲಿ. ನಾವೂ ಹಾಗೆ ಒಂದು ಬುದ್ಧಿಮಾತನ್ನು ಹೇಳಿದೆವು. ಅದು ತಪ್ಪಾಗಿತ್ತು. ಆ ತಪ್ಪನ್ನು ತಿದ್ದಿಕೊಳ್ಳುವುದಕ್ಕಾಗಿ ನಾವು ಓದಿ, ಕೇಳಿ, ಕಣ್ಣಾರೆ ಕಂಡು ತಿಳಿದುಕೊಂಡುದನ್ನು ಇತರ ಗೃಹಸ್ಥರ ಉಪಯೋಗಕ್ಕಾಗಿ ಇಲ್ಲಿ ಬರೆದಿದ್ದೇವೆ.

ನಮ್ಮ ಹಿರಿಯ ಮಗಳು ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ, ಓವೆನ್ ಸೌಂಡ್ ಎಂಬ ಪಟ್ಟಣದ ಹೊರಗೆ ಹಳ್ಳಿಯ ಕಡೆ ಮನೆ ಮಾಡಿಕೊಂಡಿದ್ದಾಳೆ. ಅಳಿಯಂದಿರ ಕೆಲಸ ಪಟ್ಟಣದಲ್ಲಿಯೇ. ಮಗಳ ಕೆಲಸ ಮಾತ್ರ ಕಿನ್‌ಕಾರ್ಡಿನ್ ಎಂಬ ಊರಿನ ಕಡೆ, ಒಂದು ಔಷಧಶಾಲೆಯಲ್ಲಿ. ವಾರಕ್ಕೆ 4 ದಿನ ಹೋಗಿ ಬರಬೇಕು. ಹೋಗಿ ಬರುವುದಕ್ಕೆ 150 ಕಿಲೋಮೀಟರಿನ ಸುಮಾರು ದಾರಿ. ಮನೆಯ ಮುಂದಿನ ಹಳ್ಳಿಯ ರಸ್ತೆಯಿಂದ ಹೊರಟು 21ನೆಯ ಹೆದ್ದಾರಿಯನ್ನು ಸೇರಿ, ಹ್ಯೂರನ್ ಸರೋವರದ ದಂಡೆಯುದ್ದಕ್ಕೂ ತೆಂಕಣಕ್ಕೆ ಸಾಗಬೇಕು.

ಸರೋವರವೆಂದರೆ ನಮ್ಮ ಊರ ಕೆರೆಯನ್ನು ಮನಸ್ಸಿಗೆ ತಂದುಕೊಳ್ಳಬಾರದು. ಹ್ಯೂರನ್ನಿನ ವಿಸ್ತಾರ ಸುಮಾರು 59,600 ಚದರ ಕಿಲೋಮೀಟರು. ನಮ್ಮ ರಾಜ್ಯದ ಮೂರರಲ್ಲೊಂದು ಪಾಲಿಗೆ ಸಮೀಪ. ಬೇಸಗೆಯ ಬಿಸಿಯನ್ನು ಒಡಲಲ್ಲಿ ಇಟ್ಟುಕೊಂಡಿರುವ ಈ ನೀರಿನ ಮೇಲೆ ನವೆಂಬರು ಡಿಸೆಂಬರುಗಳಲ್ಲಿ ಬಡಗಣ ಪಡುವಣದ ಕೊರೆಯುವ ಗಾಳಿ ಬೀಸುತ್ತದೆ. ಗಾಳಿಯು ನೀರಿನ ತೇವವನ್ನು ಹೀರಿಕೊಂಡು ದಂಡೆಗೆ ಬಂದೊಡನೆ ಅದನ್ನು ಹಿಮವಾಗಿ ಸುರಿಯುತ್ತದೆ. ಸುರಿಯುವುದು ಪಟ್ಟೆಪಟ್ಟೆಯಾಗಿ. ಒಂದು ಹಳ್ಳಿಯಲ್ಲಿ ಬಿಸಿಲು, ಅದರಾಚೆಯ ಹಳ್ಳಿಯಲ್ಲಿ ಎದುರಿಗಿರುವ ಮನೆ ಕಾಣದಂತಹ ಬಿಳಿಯ ಕತ್ತಲೆ. ಬಯಲಿನ ಹೊಲಗಳ ಮೇಲಿನಿಂದ ಗಾಳಿಯು ಹಿಮವನ್ನು ಗುಡಿಸಿ ತಂದು ರಸ್ತೆಗೆ ಅಡ್ಡಲಾಗಿ ಒಟ್ಟುತ್ತದೆ. ಪಟ್ಟಣದ ಬೀದಿಗಳಲ್ಲಿ ಹಿಮ ತಳ್ಳುವ ಯಂತ್ರಗಳು ಬೇಗ ಬರುತ್ತವೆ. ಹಳ್ಳಿಯ ರಸ್ತೆಗೆ ಅವುಗಳ ಸರದಿ ಬರುವುದು ಎಷ್ಟೋ ಹೊತ್ತಿನ ಮೇಲೆ. ಹೆದ್ದಾರಿಯ ಮೇಲೆ ಚೆಲ್ಲುವ ಉಪ್ಪು ಕೂಡ ಸೊನ್ನೆಗಿಂತ 12 ಡಿಗ್ರಿ ಕೆಳಗೆ ಹೋದರೆ ಅಷ್ಟಾಗಿ ಕೆಲಸಮಾಡುವುದಿಲ್ಲ. ದೂರದ ಹಳ್ಳಿಯ ದಾರಿಗೂ ಪಟ್ಟಣದ ದಾರಿಗೂ ಇರತಕ್ಕ ಭೇದವನ್ನು ಮೊದಲೇ ಹೇಳಿದುದಕ್ಕೆ ಕಾರಣವಿದೆ. ಟೈರನ್ನು ಆರಿಸುವವರು ಮೊದಲು ದಾರಿಯನ್ನು ನೋಡಬೇಕು, ಆಮೇಲೆ ಅಂಗಡಿಯನ್ನು.

2021ರ ನವೆಂಬರಿನಲ್ಲಿ ಮಗಳು ದೂರವಾಣಿಯಲ್ಲಿ, "ಅಪ್ಪ, ಚಳಿಗಾಲದ ಟೈರು ಹಾಕಿಸಬೇಕು. ನಾಲ್ಕಕ್ಕೆ ಬಹಳ ಹಣವಾಗುತ್ತದೆ" ಎಂದಳು. ಈಗಿರುವ ಟೈರಿಗೆ ಏನಾಗಿದೆ ಎಂದು ಕೇಳಿದೆವು. ಏನೂ ಆಗಿಲ್ಲ, ಹೊಸದರಂತೆಯೇ ಇವೆ, ಆದರೆ ಅವು ಬೇಸಗೆಗೆ ಎಂದಳು. ಹೊಸದರಂತಿರುವ ಟೈರನ್ನು ಬಿಚ್ಚಿ ಮೂಲೆಯಲ್ಲಿಟ್ಟು ಬೇರೆ ಟೈರು ಕೊಳ್ಳುವುದೆಂದರೆ, ಚಪ್ಪಲಿಯೊಂದಕ್ಕೆ ಮೂರು ಸಾರಿ ಉಂಗುಷ್ಟ ಹಾಕಿಸಿ ಮೆಟ್ಟಿದ ನಮ್ಮಂತಹವರಿಗೆ ಹೇಗೆ ಒಪ್ಪಿಗೆಯಾದೀತು? ಆ ಕಾರಿನ ಎಂಜಿನ್ನು ಮುಂದಿನ ಎರಡು ಚಕ್ರಗಳನ್ನು ಮಾತ್ರ ತಿರುಗಿಸುವುದೆಂಬುದನ್ನು ನಾವು ಬಲ್ಲೆವು. "ಎಳೆಯುವ ಎತ್ತಿಗೆ ಲಾಳ ಕಟ್ಟಿಸಿದರೆ ಸಾಕು; ಮುಂದಿನ ಎರಡಕ್ಕೆ ಮಾತ್ರ ಹಾಕಿಸು" ಎಂದು ಅಪ್ಪಣೆಯಾಯಿತು. ಅಳಿಯಂದಿರು ಮೆಲ್ಲನೆ, "ಮಾವ, ಇಲ್ಲಿ ಎಲ್ಲರೂ ನಾಲ್ಕು ಹಾಕಿಸುತ್ತಾರೆ" ಎಂದರು. ಎಲ್ಲರೂ ಮಾಡುವುದೆಲ್ಲ ವಿವೇಕವಲ್ಲವೆಂದು ನಾವು ಹೇಳಿದೆವು. ಹಿರಿಯರ ಮಾತು ನಡೆಯಿತು.

ಡಿಸೆಂಬರಿನ ಮೊದಲ ವಾರದಲ್ಲಿ ಒಂದು ಮುಂಜಾನೆ ಅವಳು ಹಳ್ಳಿಯ ರಸ್ತೆಯಿಂದ ಹೆದ್ದಾರಿಯ ಕೂಡುದಾರಿಗೆ ಬರುತ್ತಿದ್ದಳು. 'ನಿಲ್ಲಿ' ಎಂಬ ಕೆಂಪು ಹಲಗೆಯನ್ನು ದೂರದಿಂದಲೇ ಕಂಡು ಬ್ರೇಕನ್ನು ಒತ್ತಿದಳು. ಮುಂದಿನ ಚಕ್ರಗಳು ಹಿಮವನ್ನು ಕಚ್ಚಿ ಹಿಡಿದವು. ಹಿಂದಿನ ಚಕ್ರಗಳಿಗೆ ಹಿಡಿತವಿರಲಿಲ್ಲ. ಗಾಡಿಯ ಹಿಂಭಾಗವು ಮುಂಭಾಗವನ್ನು ಹಿಂದೆ ಹಾಕುವಂತೆ ಬೀಸಿ ಬಂದು, ಕಾರು ಬುಗುರಿಯಂತೆ ಅರ್ಧ ಸುತ್ತು ಸುತ್ತಿ, ಬಂದ ದಾರಿಗೆ ಮುಖಮಾಡಿ, ರಸ್ತೆಯ ಪಕ್ಕದ ಹಿಮ ತುಂಬಿದ ಚರಂಡಿಯಲ್ಲಿ ಕುಳಿತಿತು. ಅವಳು ಬಾಗಿಲು ತೆರೆದು ಹೊರಗೆ ಬರುವಷ್ಟರಲ್ಲಿ ಹಾಲಿನ ದೊಡ್ಡ ಲಾರಿಯೊಂದು ಹೆದ್ದಾರಿಯ ಮೇಲೆ ಹಾದುಹೋಯಿತು. ಕಾರು ಇನ್ನು ಹತ್ತು ಮಾರು ಮುಂದಕ್ಕೆ ಜಾರಿದ್ದರೆ ಏನಾಗುತ್ತಿತ್ತೆಂಬುದನ್ನು ಬರೆಯಬೇಕಾದುದಿಲ್ಲ. ಸಮೀಪದ ರೈತರೊಬ್ಬರು ಟ್ರ್ಯಾಕ್ಟರು ತಂದು ಕಾರನ್ನು ಎಳೆದು ಮೇಲಕ್ಕಿಟ್ಟರು. ಅವರು ಹಿಂದಿನ ಚಕ್ರವನ್ನು ಕಾಲಿನಿಂದ ತಟ್ಟಿ ನೋಡಿ, ಏನೂ ಮಾತನಾಡದೆ ತಲೆಯಲ್ಲಾಡಿಸಿದರಂತೆ. ಮಗಳು ನಮಗೆ ಈ ಸಂಗತಿಯನ್ನು ತಿಳಿಸಿದುದು ಇನ್ನೆರಡು ಟೈರುಗಳನ್ನು ಹಾಕಿಸಿದ ಮೇಲೆ. "ನಿಮ್ಮ ತಪ್ಪಲ್ಲ ಅಪ್ಪ" ಎಂದಳು. ಆ ಮಾತಿನಿಂದ ನಮಗಾದ ಸಂಕಟವು ಅವಳು ಗದರಿಸಿದ್ದರೆ ಆಗುತ್ತಿರಲಿಲ್ಲ. ಮುಂದಿನ ವರ್ಷ, 2022ರ ಚಳಿಗಾಲವನ್ನು ನಾವು ದಂಪತಿಗಳು ಅಲ್ಲಿಯೇ ಕಳೆದಾಗ ಈ ವಿದ್ಯೆಯನ್ನು ಅಕ್ಷರಾಭ್ಯಾಸದಿಂದ ಮೊದಲುಮಾಡಿ ಕಲಿತೆವು.

ಹೊಸದಾಗಿ ಕಾಣುವ ಟೈರು ಚಳಿಯಲ್ಲಿ ಏಕೆ ಕೆಲಸಕ್ಕೆ ಬಾರದು? ಇದಕ್ಕೆ ಉತ್ತರ ನಮ್ಮ ಅಡಿಗೆಮನೆಯಲ್ಲಿಯೇ ಇದೆ. ಮಾರ್ಗಶಿರದ ಮುಂಜಾನೆ ಕೊಬ್ಬರಿ ಎಣ್ಣೆಯ ಶೀಸೆಯನ್ನು ಬಗ್ಗಿಸಿದರೆ ಎಣ್ಣೆ ಬೀಳುವುದಿಲ್ಲ. ಎಣ್ಣೆ ಅದೇ, ಶೀಸೆ ಅದೇ; ಚಳಿಯಿಂದ ಅದರ ಗುಣ ಬೇರೆಯಾಗಿದೆ. ರಬ್ಬರು ಎಣ್ಣೆಯಂತೆ ಗಟ್ಟಿ ಕಟ್ಟುವುದಿಲ್ಲವಾದರೂ ಚಳಿ ಹೆಚ್ಚಿದಂತೆ ತನ್ನ ಮೃದುತ್ವವನ್ನು ಕಳೆದುಕೊಂಡು ಬಿರುಸಾಗುತ್ತದೆ. ಟೈರು ರಸ್ತೆಯನ್ನು ಹಿಡಿಯುವುದು ರಬ್ಬರು ಮೆತ್ತಗಿದ್ದು ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳಲ್ಲಿ ಇಳಿದು ಕೂರುವುದರಿಂದ. ಬೇಸಗೆಯ ಟೈರಿನ ರಬ್ಬರನ್ನು ಬಿಸಿಲಿನಲ್ಲಿ ಕರಗಿ ಸವೆಯದಿರಲೆಂದು ಗಟ್ಟಿಯಾಗಿ ಮಾಡಿರುತ್ತಾರೆ. ಶಾಖವು ಸುಮಾರು 7 ಡಿಗ್ರಿ ಸೆಂಟಿಗ್ರೇಡಿಗಿಂತ ಇಳಿದಾಗಿನಿಂದ ಅದರ ಹಿಡಿತ ಕುಗ್ಗುತ್ತಾ ಬರುತ್ತದೆ. ರಸ್ತೆಯ ಮೇಲೆ ಹಿಮವೇ ಇಲ್ಲದಿದ್ದರೂ ಈ ಮಾತು ನಿಜ. ಆದಕಾರಣ ಚಳಿಗಾಲದ ಟೈರೆಂದರೆ ಹಿಮದ ಟೈರು ಮಾತ್ರವಲ್ಲ. ಅದು ಚಳಿಯ ಟೈರು.

ರಬ್ಬರಿನ ಈ ಸ್ವಭಾವವು ಮನುಷ್ಯನನ್ನು ಮೊದಲಿನಿಂದಲೂ ಕಾಡಿದೆ. ಹಸಿಯ ರಬ್ಬರು ಬೇಸಗೆಯಲ್ಲಿ ಅಂಟಾಗುತ್ತಿತ್ತು, ಚಳಿಯಲ್ಲಿ ಸೀಳುತ್ತಿತ್ತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬವರು ಅದನ್ನು ಗಂಧಕದೊಡನೆ ಕಾಯಿಸಿ ಹದಕ್ಕೆ ತರುವ ಬಗೆಯನ್ನು ಕಂಡುಹಿಡಿದರು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯರು ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದರು. ಅವರು ಅದನ್ನು ಮೊದಲು ಮಾಡಿದುದು ತಮ್ಮ ಪುಟ್ಟ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ. ಹಿಮಕ್ಕೆಂದೇ ಟೈರನ್ನು ಮಾಡಿದುದು ಫಿನ್ಲೆಂಡ್ ದೇಶದ ನೋಕಿಯಾ ಎಂಬ ಊರಿನ ರಬ್ಬರಿನ ಕಾರ್ಖಾನೆ. 1934ರಲ್ಲಿ ಅದು ಲಾರಿಗಳಿಗೂ 1936ರಲ್ಲಿ ಕಾರುಗಳಿಗೂ ಇಂತಹ ಟೈರುಗಳನ್ನು ಹೊರತಂದಿತು. ಕಾರಿನ ಟೈರಿಗೆ ಹಕ್ಕಪೆಲಿಟ್ಟ ಎಂದು ಹೆಸರಿಟ್ಟರು. ಅದು ಆ ನಾಡಿನ ಹಳೆಯ ಕುದುರೆಯ ದಂಡಿನವರ ಹೆಸರು. 1961ರಲ್ಲಿ ಮೊಳೆಯಿಟ್ಟ ಟೈರನ್ನೂ ಆ ಕಾರ್ಖಾನೆ ತಂದಿತು. ಅವಶ್ಯಕತೆಯಿದ್ದಲ್ಲಿಯೇ ಉಪಾಯ ಹುಟ್ಟುವುದೆಂಬುದಕ್ಕೆ ಇದೊಂದು ನಿದರ್ಶನ.

ಚಳಿಗಾಲದ ಟೈರಿನಲ್ಲಿ ಗಮನಿಸತಕ್ಕವು ಮೂರು. ಮೊದಲನೆಯದು, ಚಳಿಯಲ್ಲಿಯೂ ಮೆತ್ತಗಿರುವಂತೆ ಹದಮಾಡಿದ ರಬ್ಬರು. ಎರಡನೆಯದು, ಆಳವಾದ ಅಗಲವಾದ ಗೀರುಗಳು. ಇವು ಹಿಮವನ್ನು ತಮ್ಮೊಳಗೆ ಒತ್ತಿ ಹಿಡಿಯುತ್ತವೆ. ಹಿಮಕ್ಕೆ ಹಿಮವೇ ಚೆನ್ನಾಗಿ ಅಂಟುವುದೆಂಬುದು ಉಂಡೆ ಕಟ್ಟಿ ಆಡುವ ಅಲ್ಲಿನ ಮಕ್ಕಳಿಗೂ ತಿಳಿದ ವಿಷಯ. ಮೂರನೆಯದು, ರಬ್ಬರಿನ ಪ್ರತಿಯೊಂದು ಉಬ್ಬಿನ ಮೇಲೆ ಚಾಕುವಿನಿಂದ ಕೊಯ್ದಂತೆ ಇರುವ ಅಲೆಅಲೆಯಾದ ಸಣ್ಣ ಸೀಳುಗಳು. ಗಾಡಿಯ ಭಾರಕ್ಕೆ ಈ ಸೀಳುಗಳು ತೆರೆದುಕೊಂಡು ನೂರಾರು ಅಂಚುಗಳಾಗಿ ನೆಲವನ್ನು ಕೆರೆದು ಹಿಡಿಯುತ್ತವೆ. ಮಂಜುಗಡ್ಡೆಯ ಮೇಲಿನ ನೀರಿನ ತೆಳುಪೊರೆಯನ್ನು ಒರಸಿ ತೆಗೆಯುತ್ತವೆ. ಮಲೆನಾಡಿನಲ್ಲಿ ಆಷಾಢದ ಮಳೆಗೆ ಪಾಚಿ ಕಟ್ಟಿದ ಅಂಗಳದಲ್ಲಿ ಅಡಿಕೆಯ ದಬ್ಬೆ ಹಾಸಿ ಅದರ ಮೇಲೆ ಕಾಲಿಟ್ಟು ನಡೆದವರಿಗೆ, ನುಣುಪಾದ ನೆಲದಲ್ಲಿ ಒಂದು ಅಂಚು ಎಷ್ಟು ಉಪಕಾರಿ ಎಂಬುದನ್ನು ಹೇಳಬೇಕಾಗಿಲ್ಲ.

ಅಂಗಡಿಗೆ ಹೋದವರು ಮೊದಲು ಟೈರಿನ ಪಕ್ಕದ ಗೋಡೆಯನ್ನು ಓದಬೇಕು. ಅಲ್ಲಿ ಮೂರು ಶಿಖರಗಳುಳ್ಳ ಬೆಟ್ಟದ ಚಿತ್ರವೂ ಅದರೊಳಗೆ ಒಂದು ಹಿಮದ ಹರಳಿನ ಚಿತ್ರವೂ ಇದ್ದರೆ, ಆ ಬಗೆಯ ಟೈರು ಹಿಮದ ಮೇಲೆ ನಡೆಸುವ ನಿಯತವಾದ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದರ್ಥ. 'ಎಂ' ಮತ್ತು 'ಎಸ್' ಎಂಬ ಎರಡು ಅಕ್ಷರಗಳು ಮಾತ್ರ ಇದ್ದರೆ ಸಾಲದು. ಕೆಸರು ಮತ್ತು ಹಿಮ ಎಂಬುದು ಆ ಅಕ್ಷರಗಳ ಅರ್ಥವಾದರೂ ಅದು ಗೀರುಗಳ ಆಕಾರವನ್ನು ನೋಡಿ ಟೈರು ಮಾಡಿದವರೇ ಹಾಕಿಕೊಳ್ಳುವ ಗುರುತು, ಪರೀಕ್ಷೆಯ ಮುದ್ರೆಯಲ್ಲ. ಜರ್ಮನಿಯಲ್ಲಿ 2024ರ ಅಕ್ಟೋಬರಿನಿಂದ ಚಳಿಗಾಲದ ರಸ್ತೆಗೆ ಬೆಟ್ಟದ ಗುರುತಿಲ್ಲದ ಟೈರು ಸಲ್ಲುವುದಿಲ್ಲ.

ಮಾರುವವರು ನಾಲ್ಕು ಬಗೆಯ ಟೈರುಗಳನ್ನು ತೋರಿಸುತ್ತಾರೆ. 'ಆಲ್ ಸೀಸನ್' ಎಂದರೆ ಸರ್ವಋತುವಿನದೆಂದು ಹೆಸರು. ಆದರೆ ಹೆಸರಿಟ್ಟವರು ಎಣಿಸಿದ ಋತುಗಳಲ್ಲಿ ಒಂಟಾರಿಯೊದ ಜನವರಿ ಸೇರಿದಂತೆ ಕಾಣುವುದಿಲ್ಲ. ಮಗಳ ಕಾರಿನ ಹಿಂದಿನ ಚಕ್ರಗಳಲ್ಲಿ ಇದ್ದವು ಇವೇ. 'ಆಲ್ ವೆದರ್' ಎಂಬುದು ಇದರ ತಮ್ಮನಂತೆ ಕಂಡರೂ ಬೇರೆಯ ಜಾತಿ. ಇದಕ್ಕೆ ಬೆಟ್ಟದ ಗುರುತು ಇರುತ್ತದೆ, ವರ್ಷವಿಡೀ ಬಿಚ್ಚದೆ ಓಡಿಸಬಹುದು. ಪಟ್ಟಣದಲ್ಲಿಯೇ ಓಡಾಡುವವರಿಗೆ, ಬಿರುಗಾಳಿಯ ದಿನ ಮನೆಯಲ್ಲಿ ಕುಳಿತಿರಬಲ್ಲವರಿಗೆ, ಇದು ತಕ್ಕದ್ದು. ಮೂರನೆಯದು ಮೊಳೆಯಿಲ್ಲದ ನಿಜವಾದ ಚಳಿಗಾಲದ ಟೈರು. ನಾಲ್ಕನೆಯದು ಲೋಹದ ಸಣ್ಣ ಮೊಳೆಗಳನ್ನು ಕೂರಿಸಿದ ಟೈರು. ಬರಿಯ ಮಂಜುಗಡ್ಡೆಯ ಮೇಲೆ, ಅದರಲ್ಲಿಯೂ ಸೊನ್ನೆಯ ಆಸುಪಾಸಿನಲ್ಲಿ ಮೇಲೆ ನೀರೊಡೆದು ನುಣುಪಾಗಿರುವ ಮಂಜುಗಡ್ಡೆಯ ಮೇಲೆ, ಇದಕ್ಕೆ ಸರಿಸಾಟಿಯಿಲ್ಲ. ಆದರೆ ಬರಿಯ ರಸ್ತೆಯ ಮೇಲೆ ಗದ್ದಲ ಮಾಡುತ್ತದೆ, ರಸ್ತೆಯನ್ನು ಸವೆಸಿ ಧೂಳೆಬ್ಬಿಸುತ್ತದೆ. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಒಂದು ದೊಡ್ಡ ಬೀದಿಯಲ್ಲಿ 2010ರಿಂದ ಇದನ್ನು ನಿಷೇಧಿಸಿರುವುದು ಈ ಧೂಳಿನ ದೆಸೆಯಿಂದಲೇ. ಒಂಟಾರಿಯೊದಲ್ಲಿ ಮೊಳೆಯ ಟೈರಿಗೆ ಅನುಮತಿಯಿರುವುದು ಪ್ರಾಂತದ ಉತ್ತರ ಭಾಗದ ನಿವಾಸಿಗಳಿಗೆ ಮಾತ್ರ. ನಮ್ಮ ಮಗಳ ಊರು ದಕ್ಷಿಣ ಭಾಗಕ್ಕೆ ಸೇರಿದುದರಿಂದ ಅವಳಿಗೆ ಉಳಿದುದು ಮೂರನೆಯ ಬಗೆ. ಆದಕಾರಣ ಟೈರು ಕೊಳ್ಳುವ ಮೊದಲು ತಮ್ಮ ಪ್ರಾಂತದ ಕಾನೂನನ್ನು ವಿಚಾರಿಸತಕ್ಕದ್ದು.

ಕಾನೂನು ಊರಿಗೊಂದು ಬಗೆ. ನೆರೆಯ ಕ್ವಿಬೆಕ್ ಪ್ರಾಂತವು 2008ರಲ್ಲಿ ಚಳಿಗಾಲದ ಟೈರನ್ನು ಕಡ್ಡಾಯ ಮಾಡಿತು. ಈಗ ಅಲ್ಲಿ ಡಿಸೆಂಬರು 1ರಿಂದ ಮಾರ್ಚಿ 15ರ ವರೆಗೆ ಇದು ನಿಯಮ. ಫಿನ್ಲೆಂಡಿನಲ್ಲಿ ನವೆಂಬರಿನಿಂದ ಮಾರ್ಚಿಯ ಕೊನೆಯ ವರೆಗೆ ಹವೆಯೋ ರಸ್ತೆಯೋ ಬೇಡಿದಾಗ ಇರಲೇಬೇಕು. ಒಂಟಾರಿಯೊದಲ್ಲಿ ಕಡ್ಡಾಯವಿಲ್ಲ, ಆದರೆ ಚಳಿಗಾಲದ ಟೈರು ಹಾಕಿಸಿದವರಿಗೆ ವಿಮೆಯ ಕಂತಿನಲ್ಲಿ ರಿಯಾಯತಿ ಕೊಡಬೇಕೆಂದು 2016ರಿಂದ ವಿಮಾ ಸಂಸ್ಥೆಗಳಿಗೆ ನಿಯಮವಿದೆ. ಕೇಳಿದವರಿಗೆ ಸಿಕ್ಕುತ್ತದೆ. ಅಳಿಯಂದಿರು ಮೊದಲ ವರ್ಷ ಕೇಳುವುದನ್ನು ಮರೆತಿದ್ದರು.

ಈಗ ಲೆಕ್ಕದ ಮಾತು. ಕಾರಿನ ಒಂದೊಂದು ಚಕ್ರವೂ ನೆಲವನ್ನು ಮುಟ್ಟುವುದು ಸುಮಾರು ಅಂಗೈಯಷ್ಟು ಜಾಗದಲ್ಲಿ. ನಾಲ್ಕು ಅಂಗೈಗಳ ಮೇಲೆ ನಮ್ಮ ಸಂಸಾರವೆಲ್ಲ ಕುಳಿತಿರುತ್ತದೆ. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಹೋಗುವ ಕಾರಿಗೆ ಬ್ರೇಕು ಒತ್ತಿದ ಮೇಲೆ ಒಣಗಿದ ಡಾಮರು ರಸ್ತೆಯಲ್ಲಿ ನಿಲ್ಲುವುದಕ್ಕೆ 36 ಮೀಟರಿನ ಸುಮಾರು ಬೇಕಾದರೆ, ತುಳಿದು ಗಟ್ಟಿಯಾದ ಹಿಮದ ಮೇಲೆ 100 ಮೀಟರು ಬೇಕಾಗುತ್ತದೆ; ಬರಿಯ ಮಂಜುಗಡ್ಡೆಯ ಮೇಲೆ 250 ಮೀಟರು. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಕ್ಷಣದಲ್ಲಿ ಕಳೆಯುವ 22 ಮೀಟರು ಬೇರೆ. ಒಂದು ಟೈರಿನ ಹಿಡಿತವು ಮತ್ತೊಂದಕ್ಕಿಂತ ಕಾಲುಭಾಗ ಮಾತ್ರ ಹೆಚ್ಚೆಂದು ಇಟ್ಟುಕೊಳ್ಳೋಣ. ಎರಡು ಕಾರುಗಳು ಹಿಮದ ಮೇಲೆ ಇದೇ ವೇಗದಲ್ಲಿ ಜೊತೆಜೊತೆಯಾಗಿ ಬಂದು ಒಟ್ಟಿಗೆ ಬ್ರೇಕು ಒತ್ತಿದರೆ, ಒಳ್ಳೆಯ ಟೈರಿನ ಕಾರು 100 ಮೀಟರಿನಲ್ಲಿ ನಿಂತಾಗ ಮತ್ತೊಂದು ಅದೇ ಸ್ಥಳದಲ್ಲಿ ಗಂಟೆಗೆ ಸುಮಾರು 36 ಕಿಲೋಮೀಟರು ವೇಗದಲ್ಲಿ ಹಾದು ಮುಂದೆ ಹೋಗುತ್ತಿರುತ್ತದೆ. ಕಾಲುಭಾಗದ ಭೇದವೆಂದು ನಕ್ಕುಬಿಡುವವರು ಆ 36 ಕಿಲೋಮೀಟರನ್ನು ಒಂದು ಮರಕ್ಕೋ ಲಾರಿಗೋ ಎದುರಾಗಿ ಊಹಿಸಿಕೊಳ್ಳಬೇಕು.

ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲವಿರುವ ಗಾಡಿ ನಮ್ಮದು, ನಮಗೆ ಇದರ ಭಯವಿಲ್ಲ ಎನ್ನುವವರೂ ಉಂಟು. ಆ ಬಲವು ಹೊರಡುವುದಕ್ಕೆ ಸಹಾಯವೇ ಹೊರತು ನಿಲ್ಲುವುದಕ್ಕಲ್ಲ. ಬ್ರೇಕು ಎಲ್ಲ ಗಾಡಿಗಳಲ್ಲಿಯೂ ನಾಲ್ಕು ಚಕ್ರಗಳಿಗೇ ಇರುತ್ತದೆ, ನಿಲ್ಲಿಸುವುದು ಟೈರು. ನಾವು ಮಾಡಿದ ತಪ್ಪಿನ ಮೂಲವೂ ಇಲ್ಲಿಯೇ. ಎಳೆಯುವ ಎತ್ತಿಗೆ ಲಾಳ ಸಾಕೆಂದೆವು. ಇಳಿಜಾರಿನಲ್ಲಿ ಬಂಡಿಯೇ ಎತ್ತನ್ನು ತಳ್ಳುವುದೆಂಬುದನ್ನು, ಘಟ್ಟದ ದಾರಿಯಲ್ಲಿ ಹುಟ್ಟಿ ಬೆಳೆದ ನಾವೇ ಮರೆತೆವು. ಟೈರು ಹಾಕಿಸಿದರೆ ನಾಲ್ಕು; ನಾಲ್ಕೂ ಒಂದೇ ಬಗೆಯವು, ಒಂದೇ ಸವೆತದವು.

ದೂರದ ಹಳ್ಳಿಯ ದಾರಿಯವರು ಕೊಳ್ಳುವಾಗ ಇನ್ನು ಕೆಲವು ಅಂಶಗಳನ್ನು ನೋಡತಕ್ಕದ್ದು. ಗಾಡಿಗೆ ಒಪ್ಪುವ ಅಳತೆಗಳಲ್ಲಿ ಸ್ವಲ್ಪ ಕಿರಿದಾದುದನ್ನು ಆರಿಸುವುದು ಮೇಲು. ಅಗಲವಾದ ಟೈರು ಹಿಮದ ಮೇಲೆ ತೇಲುತ್ತದೆ, ಕಿರಿದಾದುದು ಹಿಮವನ್ನು ಸೀಳಿ ಕೆಳಗಿನ ನೆಲವನ್ನು ಮುಟ್ಟುತ್ತದೆ. ರಿಮ್ಮು ಒಂದು ಇಂಚು ಚಿಕ್ಕದಾಗಿ ಟೈರಿನ ಗೋಡೆ ಎತ್ತರವಾಗಿದ್ದರೆ ಹಿಮದಡಿಯಲ್ಲಿ ಕಾಣದಿರುವ ಗುಂಡಿಗಳ ಪೆಟ್ಟು ಕಡಿಮೆ. ಆದರೆ ಹೊರುವ ಭಾರದ ಅಂಕವು ಗಾಡಿಯವರು ಹೇಳಿದುದಕ್ಕಿಂತ ಕಡಿಮೆಯಾಗಿರಲೇಬಾರದು. ಟೈರಿನ ವಯಸ್ಸನ್ನು ಅದರ ಗೋಡೆಯ ಮೇಲಿನ ನಾಲ್ಕು ಅಂಕಿಗಳು ಹೇಳುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 3523 ಎಂದಿದ್ದರೆ 2023ನೆಯ ಇಸವಿಯ 35ನೆಯ ವಾರದಲ್ಲಿ ಮಾಡಿದ್ದು. ಅಗ್ಗವಾಗಿ ಸಿಕ್ಕಿತೆಂದು ಹಲವು ವರ್ಷ ಗೋದಾಮಿನಲ್ಲಿ ಕೊಳೆತುದನ್ನು ತರಬಾರದು. ರಬ್ಬರು ಓಡದಿದ್ದರೂ ಮುಪ್ಪಾಗುತ್ತದೆ. ಗೀರಿನ ಆಳ 4 ಮಿಲಿಮೀಟರಿಗೆ ಇಳಿದ ಟೈರು ಹಿಮಕ್ಕೆ ಒದಗುವುದಿಲ್ಲವೆಂದು ಕೆನಡಾ ಸರ್ಕಾರದ ಸಾರಿಗೆ ಇಲಾಖೆಯೇ ಹೇಳುತ್ತದೆ. ಇನ್ನು ಗಾಳಿ. ಶಾಖವು 5 ಅಥವಾ 6 ಡಿಗ್ರಿ ಇಳಿದಂತೆಲ್ಲ ಟೈರಿನ ಒತ್ತಡ ಸುಮಾರು ಒಂದು ಪೌಂಡು ಇಳಿಯುತ್ತದೆ. ಆದುದರಿಂದ ಚಳಿಗಾಲದಲ್ಲಿ ತಿಂಗಳಿಗೊಮ್ಮೆಯಾದರೂ, ಗಾಡಿ ಓಡಿಸುವ ಮೊದಲು, ಒತ್ತಡವನ್ನು ಅಳೆದು ನೋಡಬೇಕು.

ಹಣದ ಮಾತನ್ನು ಬಿಟ್ಟರೆ ಗೃಹಸ್ಥರ ಲೇಖನ ಪೂರ್ಣವಾಗುವುದಿಲ್ಲ. ನಮ್ಮ ಮಗಳು ಚಳಿಗಾಲದ 21 ವಾರಗಳಲ್ಲಿ, ವಾರಕ್ಕೆ 4 ದಿನದಂತೆ, 12,600 ಕಿಲೋಮೀಟರು ಓಡುತ್ತಾಳೆ. ಆ ನಾಲ್ಕು ಟೈರುಗಳು ಅವಳಿಗೆ 4 ಚಳಿಗಾಲ, ಎಂದರೆ 50,000 ಕಿಲೋಮೀಟರು ಬಾಳಿದವು. ಆ 50,000 ಕಿಲೋಮೀಟರುಗಳ ಸವೆತವು ಬೇಸಗೆಯ ಟೈರಿಗೆ ಉಳಿಯಿತು. ಅವಳು ಎರಡು ಜೊತೆ ಟೈರುಗಳನ್ನು ಕೊಂಡಳೆಂದು ನಾವು ಎಣಿಸಿದ್ದೆವು. ನಿಜವಾಗಿ ನೋಡಿದರೆ ಹೇಗೂ ಕೊಳ್ಳಬೇಕಾಗಿದ್ದ ಎರಡನೆಯ ಜೊತೆಯನ್ನು ಮೊದಲೇ ಕೊಂಡಳು, ಅಷ್ಟೆ. ಮೇಲಾಗಿ ಅಳಿಯಂದಿರು ಚಳಿಗಾಲದ ಟೈರುಗಳಿಗೆ ಬೇರೆಯ ಉಕ್ಕಿನ ರಿಮ್ಮುಗಳನ್ನು ಕೊಂಡರು. ವರ್ಷಕ್ಕೆ ಎರಡು ಸಲ ಟೈರನ್ನು ರಿಮ್ಮಿನಿಂದ ಕಿತ್ತು ಮತ್ತೆ ಕೂರಿಸುವ ಕೂಲಿ ಉಳಿಯಿತು. ಟೈರಿನ ಅಂಚೂ ಕೆಡಲಿಲ್ಲ. ಬಿಚ್ಚಿದ ಟೈರುಗಳನ್ನು ತೊಳೆದು ಒರಸಿ, ಬಿಸಿಲು ಬೀಳದ ತಂಪಾದ ಮೂಲೆಯಲ್ಲಿ, ಯಾವುದು ಯಾವ ಕಡೆಯದೆಂದು ಸೀಮೆಸುಣ್ಣದಲ್ಲಿ ಬರೆದು ಇಡುತ್ತಾರೆ. ನಮ್ಮ ಮನೆಯವರು ಅಟ್ಟದ ಮೇಲಿನ ಉಪ್ಪಿನಕಾಯಿಯ ಜಾಡಿಗಳಿಗೆ ಚೀಟಿ ಅಂಟಿಸಿದಂತೆಯೇ ಇದು.

ಯಾವಾಗ ಹಾಕಿಸಬೇಕು? ಮೊದಲ ಹಿಮ ಬಿದ್ದ ದಿನ ಹೋದರೆ ಊರಿಗೆ ಊರೇ ಅಂಗಡಿಯ ಮುಂದೆ ನಿಂತಿರುತ್ತದೆ. ನಮ್ಮ ಮನೆಯವರು ಇದಕ್ಕೊಂದು ಪಂಚಾಂಗವನ್ನೇ ಮಾಡಿಕೊಟ್ಟಿದ್ದಾರೆ. ದಸರೆಗೆ ಅಂಗಡಿಯಲ್ಲಿ ದಿನ ಗೊತ್ತುಮಾಡುವುದು, ದೀಪಾವಳಿಯ ಒಳಗೆ ಹಾಕಿಸುವುದು, ಅಕ್ಷಯ ತದಿಗೆಯ ಹೊತ್ತಿಗೆ ಬಿಚ್ಚಿಸುವುದು. ಅಧಿಕಮಾಸ ಬಂದ ವರ್ಷಗಳಲ್ಲಿ ಹಬ್ಬಗಳು ಹಿಂದುಮುಂದಾಗುವುದರಿಂದ ಶಾಖಮಾಪಕವನ್ನೂ ನೋಡಿಕೊಳ್ಳಬೇಕೆಂದು ನಾವು ಒಂದು ತಿದ್ದುಪಡಿ ಸೂಚಿಸಿದೆವು. ಬೆಳಗಿನ ಶಾಖ 7 ಡಿಗ್ರಿಗಿಂತ ಕೆಳಗೆ ನಿಂತಿತೆಂದರೆ ಹಾಕಿಸುವ ಕಾಲ. ಮೇಲಕ್ಕೆ ಬಂದು ನಿಂತಿತೆಂದರೆ ಬಿಚ್ಚುವ ಕಾಲ. ಬಿಚ್ಚದೆ ಬೇಸಗೆಯಲ್ಲಿಯೂ ಓಡಿಸಿದರೆ ಮೆತ್ತನೆಯ ರಬ್ಬರು ಬೇಗ ಸವೆದುಹೋಗುತ್ತದೆ, ಬ್ರೇಕೂ ಚೆನ್ನಾಗಿ ಹಿಡಿಯುವುದಿಲ್ಲ.

ಕೊನೆಯದಾಗಿ ಒಂದು ಮಾತು. ಒಳ್ಳೆಯ ಟೈರು ಹಾಕಿಸಿದವರಿಗೆ ಒಂದು ಹೊಸ ಅಪಾಯ ಕಾದಿರುತ್ತದೆ, ಅದು ಧೈರ್ಯ. ಟೈರು ಕೊಡುವುದು ಸ್ವಲ್ಪ ಹೆಚ್ಚಿನ ಅಂತರವನ್ನು. ಆ ಅಂತರವನ್ನು ಹೆಚ್ಚಿನ ವೇಗಕ್ಕಾಗಿ ಮಾರಿಕೊಂಡರೆ ಕೊಂಡ ಫಲವೇನು? ವೇಗವನ್ನು ಅರ್ಧಮಾಡಿದರೆ ನಿಲ್ಲುವ ದೂರವು ಕಾಲುಭಾಗಕ್ಕೆ ಇಳಿಯುತ್ತದೆ; ಯಾವ ಟೈರೂ ಇಷ್ಟು ಉಪಕಾರ ಮಾಡಲಾರದು. ಮಗಳ ಕಾರಿನಲ್ಲಿ ಈಗ ಚಳಿಗಾಲವಿಡೀ ಒಂದು ಕಂಬಳಿ, ಒಂದು ಸಲಿಕೆ, ಒಂದು ಚೀಲ ಮರಳು, ಕೈದೀಪ, ಸ್ವಲ್ಪ ಅವಲಕ್ಕಿ ಬೆಲ್ಲ ಇರುತ್ತವೆ. ಹೊರಡುವ ಮೊದಲು 511 ಸಂಖ್ಯೆಗೆ ದೂರವಾಣಿ ಮಾಡಿ ರಸ್ತೆಯ ಸ್ಥಿತಿಯನ್ನು ಕೇಳಿಕೊಳ್ಳುತ್ತಾಳೆ. ಬಿರುಗಾಳಿಗೆ ಹೆದ್ದಾರಿಯನ್ನೇ ಮುಚ್ಚಿದ ದಿನ ಮನೆಯಲ್ಲಿ ಉಳಿಯುತ್ತಾಳೆ. ಎಷ್ಟು ಒಳ್ಳೆಯ ಟೈರಿದ್ದರೂ ಹೊರಡಬಾರದ ಮುಂಜಾನೆಗಳು ಉಂಟೆಂಬುದನ್ನು ಆ ನಾಡಿನವರು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ.

ಕಳೆದ 2025ರ ಅಕ್ಟೋಬರಿನಲ್ಲಿ ಮಗಳು ಮತ್ತೆ ದೂರವಾಣಿ ಮಾಡಿ, ಹಳೆಯ ಟೈರಿನ ಗೀರು 4 ಮಿಲಿಮೀಟರಿಗೆ ಬಂದಿದೆ, ಹೊಸದು ಕೊಳ್ಳಬೇಕು, ನಿಮ್ಮ ಅಭಿಪ್ರಾಯವೇನೆಂದು ಕೇಳಿದಳು. ಅವಳಿಗೆ ನಮ್ಮ ಅಭಿಪ್ರಾಯದ ಅವಶ್ಯಕತೆ ಇರಲಿಲ್ಲ. ತಂದೆಯ ಮನಸ್ಸನ್ನು ಹಗುರಮಾಡಲು ಕೇಳಿದಳೆಂಬುದು ನಮಗೆ ತಿಳಿಯಿತು. ನಾವು ಬೆಲೆಯನ್ನು ಕೇಳಲಿಲ್ಲ. "ನಾಲ್ಕೂ ಹಾಕಿಸಮ್ಮ" ಎಂದೆವು. ಹೊರದೇಶದಲ್ಲಿ ಮಕ್ಕಳಿರುವ ವಾಚಕರು ಮಿತವ್ಯಯದ ಬುದ್ಧಿಯನ್ನು ಧಾರಾಳವಾಗಿ ಹೇಳಲಿ. ನಮ್ಮ ಹಿರಿಯರಿಂದ ನಮಗೆ ಬಂದ ಆಸ್ತಿ ಅದೇ. ಆದರೆ ಮಕ್ಕಳು ನಡೆಯುವ ದಾರಿಯನ್ನು ತಾವು ಕಂಡಿಲ್ಲದಿದ್ದಲ್ಲಿ, ಬುದ್ಧಿ ಹೇಳುವ ಮೊದಲು ಆ ದಾರಿ ಹೇಗಿದೆಯೆಂದು ಒಮ್ಮೆ ಕೇಳಲಿ. ಇಷ್ಟೇ ನಮ್ಮ ವಿಜ್ಞಾಪನೆ.